ಬಣ್ಣ ಕಾಣದವರ ರಿಲೀಸ್ ಪತ್ರದ ಕುರಿತು

ಇಂದ,
ಶ್ರೀಮತಿ ಒಲಿಂಡಾ ಮಿನೇಜಸ್,
ಪಿಯುಸ್ ಮಿನೇಜಸ್‌ರವರ ಹೆಂಡತಿ,
ಸೂಖ್ ಮಾರುಕಟ್ಟೆಯ ಹಿಂಬದಿ, ನೀರಿನ ಟ್ಯಾಂಕರ್ ನಿಲ್ಲುವ ಕಟ್ಟಡ, ಎರಡನೇ ಮಾಳಿಗೆ,
ಸೀಬ್, ಒಮಾನ್.

ಗೆ,
ಶ್ರೀ ವಿಕ್ಟರ್ ಕ್ವಾಡ್ರಸ್,
ಪರ್ಸನೆಲ್ ಮ್ಯಾನೇಜರ್,
ನಜ್ಮತ್ ಅಲ್ ಬಹರ್ ಪೇಂಟ್ಸ್,
ರೂವಿ, ಮಸ್ಕತ್.

ದಿನಾಂಕ: 12-1-1994

ವಿಷಯ: ಕೆಲಸಕ್ಕೆ ಲಾಯಕ್ಕಿಲ್ಲವೆಂದು ತಾವು ಹೊರಗೆ ಹಾಕಿದ ಮನುಷ್ಯನನ್ನು ಬೇರೆಯವರು ಕೆಲಸಕ್ಕೆ ಇಟ್ಟುಕೊಳ್ಳಲು ತಾವು ಬಿಡದಿರುವ ಬಗ್ಗೆ.

ಉಲ್ಲೇಖ: 1. ಕ್ರಿಸ್ಮಸ್ಸಿಗೆ ಮೊದಲು ತಾವು ಕೊಟ್ಟ ಪತ್ರ.
2. ಕ್ರಿಸ್ಮಸ್ಸಿನ ನಂತರ ತಾವು ಕೊಟ್ಟ ಪತ್ರ.
3. ಕಳೆದ ಶುಕ್ರವಾರ ಇಗರ್ಜಿಯ ಅಂಗಳದಲ್ಲಿ ತಾವು ಕೊಡದ ಉತ್ತರ.

ಹಾಗೆ ಬರೆಯುವುದು ಕ್ರಮವಾದ್ದರಿಂದ, ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ ಒಂದರಲ್ಲಿ ಆಕೆಯ ಗಂಡನಿಗೆ ಬಣ್ಣ ಕಾಣುವುದಿಲ್ಲ, ಆದಕಾರಣ ಅವರು ಬಣ್ಣದ ಕಂಪನಿಗೆ ಲಾಯಕ್ಕಿಲ್ಲ ಎಂದು ತಾವು ಬರೆದಿದ್ದೀರಿ. ಉಲ್ಲೇಖ ಎರಡರಲ್ಲಿ ಸದರಿ ಗಂಡನಿಗೆ ಕಂಪನಿಯ ಬಣ್ಣಗಳ ಗುಟ್ಟೆಲ್ಲ ಗೊತ್ತಿದೆ, ಆದಕಾರಣ ಅವರು ಎರಡು ವರ್ಷ ಒಮಾನಿನ ಯಾವ ಬಣ್ಣದ ಅಂಗಡಿಯ ಮೆಟ್ಟಿಲನ್ನೂ ಹತ್ತಕೂಡದು ಎಂದು ತಾವೇ ಬರೆದಿದ್ದೀರಿ. ಎರಡರಲ್ಲೂ ಸಹಿ ತಮ್ಮದೇ. ಅರ್ಜಿದಾರಳು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ಒಂದು ಲೋಟ ನೀರು ಕುಡಿದು, ಮತ್ತೊಮ್ಮೆ ಓದಿದಳು.

ಈ ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಬಹುದಿತ್ತು. ಹಾಗೆ ಮಾಡಿದರೆ ತಮ್ಮ ಜನರಲ್ ಮ್ಯಾನೇಜರ್ ಡಂಕನ್ ಸಾಹೇಬರು ಓದಿ, ಮೂಲೆಯಲ್ಲಿ ಗೀಚಿ, ತಮ್ಮ ಟ್ರೇಗೆ ಹಾಕುತ್ತಾರೆ. ತಾವು ಅದನ್ನು ಓದದೆಯೇ ಫೈಲಿಗೆ ಹಾಕುತ್ತೀರಿ. ಕನ್ನಡದಲ್ಲಾದರೆ ತಮ್ಮ ಕಚೇರಿಯಲ್ಲಿ ಓದಬಲ್ಲವರು ತಾವೊಬ್ಬರೇ. ಆದ್ದರಿಂದ ತಾವೇ ಕೂತು ಕೊನೆಯ ತನಕ ಓದಬೇಕಾಗುತ್ತದೆ. ಸಂಗತಿಗಳು ಕೆಳಗಿನಂತಿವೆ.

1. ಸದರಿ ಪಿಯುಸ್‌ರವರಿಗೆ ಕೆಂಪು ಮತ್ತು ಹಸಿರು ಒಂದೇ ಥರ ಕಾಣುತ್ತವೆ ಎಂಬುದು ಅರ್ಜಿದಾರಳಿಗೆ ಮದುವೆಯ ಮುನ್ನಾದಿನವೇ ತಿಳಿದಿತ್ತು. ನಮ್ಮಲ್ಲಿ ವರನ ಕಡೆಯವರು ವಧುವಿಗೆ ಕೆಂಪು ಸೀರೆ, ಅಂದರೆ ಸಾಡೊ, ಕೊಡುವುದು ಪದ್ಧತಿ. ಇದು ತಮಗೂ ಗೊತ್ತು. ಬೇರೆ ಯಾರನ್ನಾದರೂ ಕಳಿಸುವುದು ಬಿಟ್ಟು, ಪಿಯುಸ್‌ರವರು ಉತ್ಸಾಹದಿಂದ ತಾವೇ ಉಡುಪಿಗೆ ಹೋಗಿ ಸೀರೆ ತಂದರು. ಪೆಟ್ಟಿಗೆ ತೆರೆದಾಗ ಬಾಳೆಲೆಯಷ್ಟು ಹಸಿರು. ಹೆಂಗಸರೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡರು. ಅರ್ಜಿದಾರಳ ತಂದೆಯವರು ‘ಇದು ಎಂತ ಅವಮಾನ?’ ಎಂದು ಎದ್ದು ನಿಂತಾಗ, ವರ ಮಾತ್ರ ‘ಯಾಕೆ, ಕೆಂಪು ಸಾಲದಾ?’ ಎಂದು ಕೇಳಿದರು. ಆ ಮುಖದಲ್ಲಿ ಕಪಟ ಇರಲಿಲ್ಲ. ಅರ್ಜಿದಾರಳು ಆ ಕ್ಷಣದಲ್ಲೇ ವಿಷಯ ಅರ್ಥಮಾಡಿಕೊಂಡು, ‘ಹಸಿರೇ ಬೇಕೆಂದು ಹೇಳಿದ್ದು ನಾನು’ ಎಂದು ಸುಳ್ಳು ಹೇಳಿ ಎಲ್ಲರ ಬೈಗುಳ ತಿಂದಳು. ಸದರಿ ಸುಳ್ಳಿಗೆ ಪಾಪನಿವೇದನೆ ಆಗಿದೆ.

2. ಹೀಗಿರುವಾಗ ಸದರಿ ಪಿಯುಸ್‌ರವರಿಗೆ ಒಮಾನಿನಲ್ಲಿ ಕೆಲಸ ಸಿಕ್ಕಿದ್ದು ತಮ್ಮ ಬಣ್ಣದ ಕಂಪನಿಯಲ್ಲೇ. ಅರ್ಜಿದಾರಳು ಊರಿನಲ್ಲಿ ಮೇಣದಬತ್ತಿ ಹಚ್ಚಿ, ದೇವರು ತಮಾಷೆ ಮಾಡುವುದಕ್ಕೂ ಒಂದು ಮಿತಿ ಬೇಕು ಎಂದು ಪ್ರಾರ್ಥಿಸಿದಳು. ಆದರೆ ಇಲ್ಲಿಗೆ ಬಂದು ನೋಡಿದ ಮೇಲೆ ಆಕೆಗೆ ಧೈರ್ಯ ಬಂತು. ಕಾರಣವೇನೆಂದರೆ, ಮಸ್ಕತ್ತಿನಲ್ಲಿ ಮನೆಗಳ ಹೊರಗೋಡೆ ಬಿಳಿ ಇರಬೇಕು, ತಪ್ಪಿದರೆ ಬಿಳಿಯ ಅಕ್ಕತಂಗಿಯರಾದ ಕೆನೆ, ದಂತ, ಮರಳು ಇವುಗಳಲ್ಲಿ ಒಂದಿರಬೇಕು. ಸೀಬ್‌ನಿಂದ ಮದೀನತ್ ಸುಲ್ತಾನ್ ಖಾಬೂಸ್ ತನಕ ಕಾರಿನಲ್ಲಿ ಹೋದರೆ ಕಣ್ಣಿಗೆ ಬೀಳುವುದು ಇವೇ. ಬಣ್ಣ ಕಾಣದವನು ಬಣ್ಣ ಮಾರಿ ಬದುಕಲು ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಊರು ಇರಲಾರದು.

3. ಇನ್ನು ಒಳಗೋಡೆಯ ಮಾತು. ಅಲ್ಲಿ ಜನ ಗುಲಾಬಿ, ತಿಳಿಹಸಿರು ಎಲ್ಲ ಕೇಳುತ್ತಾರೆ. ಇದಕ್ಕೆ ಪಿಯುಸ್‌ರವರು ಒಂದು ದಾರಿ ಕಂಡುಕೊಂಡಿದ್ದರು. ಗಿರಾಕಿಯ ಮುಂದೆ ಬಣ್ಣದ ಮಾದರಿಗಳಿರುವ ಶೇಡ್ ಕಾರ್ಡು ಹರಡಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಸ್ವಲ್ಪ ಓರೆ ಮಾಡಿ, ‘ನಿಮಗೆ ಯಾವುದು ಅನಿಸ್ತದೆ ಮೇಡಂ?’ ಎಂದು ಕೇಳುವುದು. ಮೇಡಂ ಒಂದರ ಮೇಲೆ ಬೆರಳಿಟ್ಟರೆ, ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ, ‘ನನಗೂ ಅದೇ ಅನಿಸಿದ್ದು’ ಎನ್ನುವುದು. ಆಮೇಲೆ ಕಾರ್ಡಿನ ನಂಬರು ನೋಡಿ ಡಬ್ಬಿ ತೆಗೆಯುವುದು. ಮನೆಯಲ್ಲಿ ಗಂಡನಿಂದ ‘ನನಗೂ ಅದೇ ಅನಿಸಿದ್ದು’ ಎಂಬ ಮಾತನ್ನು ಒಮ್ಮೆಯೂ ಕೇಳದ ಹೆಂಗಸರು ಮರುವರ್ಷ ಗೋಡೆ ಚೆನ್ನಾಗಿದ್ದರೂ ಬಂದು ಬಣ್ಣ ಬದಲಿಸಿದರು. ಡಂಕನ್ ಸಾಹೇಬರ ಹೆಂಡತಿಯೂ ಇದರಲ್ಲಿ ಸೇರಿದ್ದಾರೆ.

ಉಲ್ಲೇಖ ಎರಡರಲ್ಲಿ ಹೇಳಿರುವ ಕಂಪನಿಯ ಗುಟ್ಟು ಎಂದರೆ ಇದೇ, ಬೇರೆ ಯಾವುದೂ ಇಲ್ಲ. ಇದನ್ನು ಇಲ್ಲಿ ಬಹಿರಂಗಪಡಿಸಿದ್ದರಿಂದ ಕರಾರಿನ ಉಲ್ಲಂಘನೆಯಾಗಿದೆ ಎಂದು ತಾವು ಹೇಳುವುದಾದರೆ, ಅರ್ಜಿದಾರಳು ತಮ್ಮ ಕಂಪನಿಯ ನೌಕರಳಲ್ಲ ಎಂಬುದನ್ನು ಗಮನಕ್ಕೆ ತರಲಾಗಿದೆ.

4. ಡಂಕನ್ ಸಾಹೇಬರು ಕೆನಡಾ ದೇಶದಿಂದ ಬಂದ ಮೇಲೆ ಎಲ್ಲರಿಗೂ ಹೊಸ ಕರಾರು ಪತ್ರ ಎಂದಾಯಿತು. ಅವರು ತಮ್ಮ ಹಳೆಯ ಕಂಪನಿಯ ಕರಾರನ್ನು ಪೆಟ್ಟಿಗೆಯಲ್ಲಿ ತಂದಿದ್ದರು. ಸಾಹೇಬರು ಕೊಟ್ಟದ್ದನ್ನು ತಿದ್ದುವುದು ಹೇಗೆ ಎಂಬ ಗೌರವದಿಂದ ತಾವು ಅದನ್ನು ಮಕ್ಕಿಕಾಮಕ್ಕಿ ಟೈಪು ಮಾಡಿಸಿದಿರಿ. ಕೆಲಸ ಬಿಟ್ಟವನು ಎರಡು ವರ್ಷ ಅದೇ ವ್ಯಾಪಾರದ ಬೇರೆಯವರಲ್ಲಿ ಸೇರಬಾರದೆಂಬ ಕಲಮು ಅದರಲ್ಲಿತ್ತು. ಹಿಮ ಬಿದ್ದು ರಸ್ತೆ ಮುಚ್ಚಿದ ದಿನ ನೌಕರನು ಬೆಳಿಗ್ಗೆ ಎಂಟರೊಳಗೆ ಫೋನು ಮಾಡತಕ್ಕದ್ದೆಂಬ ಕಲಮೂ ಇತ್ತು. ಜೂನ್ ತಿಂಗಳ ರೂವಿಯಲ್ಲಿ ಚಪ್ಪಲಿ ರಸ್ತೆಗೆ ಅಂಟುತ್ತಿದ್ದಾಗ ಪಿಯುಸ್‌ರವರು ಎರಡಕ್ಕೂ ಸಹಿ ಹಾಕಿದರು. ಸಹಿ ಹಾಕಬೇಕಾದ ಜಾಗದಲ್ಲಿ ತಾವು ಬೆರಳಿಟ್ಟು ತೋರಿಸಿದಿರಿ, ಅವರು ಹಾಕಿದರು, ಅಷ್ಟೇ.

5. ಸಾಹೇಬರು ಕಳೆದ ವರ್ಷವಷ್ಟೇ ತಂದ ಎರಡನೆಯ ಪದ್ಧತಿ ವರ್ಷಕ್ಕೊಮ್ಮೆ ಎಲ್ಲ ನೌಕರರ ವೈದ್ಯಕೀಯ ಪರೀಕ್ಷೆ. ಡಿಸೆಂಬರಿನಲ್ಲಿ ಒಬ್ಬರು ಮಲಯಾಳಿ ನರ್ಸಮ್ಮ ಗೋಡೌನಿನ ಪಕ್ಕದ ಕೋಣೆಗೆ ಬಂದು ಕುಳಿತರು. ತೂಕ ಆಯಿತು, ರಕ್ತದೊತ್ತಡ ಆಯಿತು, ಕಿವಿ ಆಯಿತು. ಕೊನೆಗೆ ಅವರೊಂದು ಪುಸ್ತಕ ತೆರೆದರು. ಪುಟದ ತುಂಬ ಬಣ್ಣಬಣ್ಣದ ಚುಕ್ಕೆ. ಚುಕ್ಕೆಗಳ ನಡುವೆ ಒಂದು ಅಂಕಿ ಅಡಗಿದೆಯಂತೆ, ಕಣ್ಣು ಸರಿಯಿದ್ದವರಿಗೆ ಅದು ತಾನಾಗಿ ಎದ್ದು ಬರುತ್ತದಂತೆ. ಪಿಯುಸ್‌ರವರಿಗೆ ಎದ್ದು ಬಂದದ್ದು ಬೆವರು ಮಾತ್ರ.

‘ಯಾವ ನಂಬರ್ ಕಾಣ್ತದೆ?’

‘ನಿಮಗೆ ಯಾವುದು ಅನಿಸ್ತದೆ ಸಿಸ್ಟರ್?’

‘ನನಗೆ ಎಪ್ಪತ್ನಾಲ್ಕು.’

‘ನನಗೂ ಅದೇ ಅನಿಸಿದ್ದು.’

ನರ್ಸಮ್ಮ ಒಮ್ಮೆ ಅವರ ಮುಖ ನೋಡಿ ಪುಟ ತಿರುಗಿಸಿದರು. ‘ಇದು?’

‘ಅನುಭವ ಇರುವವರು ನೀವು, ಮೊದಲು ನೀವು ಹೇಳಿ’ ಎಂದರು ಪಿಯುಸ್. ನರ್ಸಮ್ಮ ಪೆನ್ನಿನ ಮುಚ್ಚಳ ತೆಗೆದರು.

6. ಮರುದಿನ ನಡೆದದ್ದನ್ನು ಅರ್ಜಿದಾರಳು ನಗುತ್ತ ಬರೆಯಲಾರಳು. ತಾವು ಅಂಗಡಿಯ ನಡುವೆ, ಸೇಲ್ಸ್‌ನವರು, ಡ್ರೈವರುಗಳು, ಎರಡು ಮೂರು ಗಿರಾಕಿಗಳು ಎಲ್ಲರ ಎದುರು, ಎರಡು ಶೇಡ್ ಕಾರ್ಡು ಎತ್ತಿ ಹಿಡಿದು, ‘ಪಿಯುಸ್, ಇದರಲ್ಲಿ ಹಸಿರು ಯಾವುದು ಹೇಳು ನೋಡುವ’ ಎಂದಿರಿ. ಅಭ್ಯಾಸ ಬಲ, ಅವರ ಬಾಯಿಂದ ‘ನಿಮಗೆ ಯಾವುದು ಅನಿಸ್ತದೆ ಸರ್?’ ಎಂದೇ ಬಂತು. ಎಲ್ಲರೂ ನಕ್ಕರು. ತಾವು ಎಲ್ಲರಿಗಿಂತ ಹೆಚ್ಚು ನಕ್ಕಿರಿ. ಬಣ್ಣ ಕಾಣದಿರುವುದು ಅವರಿಗೆ ಹುಟ್ಟಿನಿಂದ ಇತ್ತು, ನಾಚಿಕೆ ಇರಲಿಲ್ಲ. ಅದನ್ನು ಕೊಟ್ಟವರು ತಾವು. ಅಂದಿನಿಂದ ಅವರು ಇಲ್ಲಿಯ ವಾರದ ರಜೆಯಾದ ಶುಕ್ರವಾರದ ಪೂಜೆಗೆ ಬರುತ್ತಿಲ್ಲ; ಮೊಣಕಾಲು ನೋವು ಎನ್ನುತ್ತಾರೆ. ಮೊಣಕಾಲಿಗೆ ಏನೂ ಆಗಿಲ್ಲ. ಅರ್ಜಿದಾರಳಿಗೆ ಇದರಿಂದ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ದುಃಖವಾಯಿತು.

7. ಉಲ್ಲೇಖ ಒಂದು ಕೈಸೇರಿದ ವಾರದಲ್ಲೇ ಸೀಬ್ ಸೂಖಿನಲ್ಲಿ ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಕುಂಞಮ್ಮದ್ ಬ್ಯಾರಿಗಳು ಮನೆಗೆ ಬಂದರು. ಕೈಯಲ್ಲಿ ಹಲ್ವದ ಡಬ್ಬಿ. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಸೂಖಿನಲ್ಲಿ ಮುಟ್ಟದ ಸುದ್ದಿಯಿಲ್ಲ.

‘ಪೊರ್ಬುಗಳೇ, ನಾಡ್ದಿನಿಂದ ನನ್ನ ಅಂಗಡಿಗೆ ಬನ್ನಿ’ ಎಂದರು, ಊರಿನಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವ ಹಾಗೆಯೇ.

‘ಬ್ಯಾರಿಗಳೇ, ನನಗೆ ಬಣ್ಣ ಕಾಣುದಿಲ್ಲ’ ಎಂದರು ಪಿಯುಸ್. ಈ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

‘ಬಣ್ಣ ಕಾಣದಿದ್ರೆ ಎಂತ ಆಯ್ತು ಮಾರಾಯ್ರೆ? ಡಬ್ಬಿ ಮೇಲೆ ಹೆಸರು ಬರೆದಿರ್ತದೆ. ಗಿರಾಕಿ ಕಾಣ್ತದಲ್ಲ ನಿಮಗೆ? ನನ್ನ ಅಂಗಡಿಯಲ್ಲಿ ಈಗ ಇರುವವನಿಗೆ ಎಲ್ಲ ಬಣ್ಣ ಕಾಣ್ತದೆ, ಗಿರಾಕಿ ಒಬ್ಬರೂ ಕಾಣುದಿಲ್ಲ. ನಿಮಗೆ ವೀಸಾ ಕೊಟ್ಟ ಕಫೀಲ್‌ನಿಂದ ಒಂದು ರಿಲೀಸ್ ಪತ್ರ ತನ್ನಿ, ಖಲಾಸ್.’

ಅರ್ಜಿದಾರಳು ಆ ದಿನ ಹಲ್ವ ತಿಂದಳು. ಪಿಯುಸ್‌ರವರೂ ತಿಂದರು. ಬಹಳ ದಿನಗಳ ಮೇಲೆ ಅವರು ಎರಡನೇ ತುಂಡಿಗೆ ಕೈ ಹಾಕಿದರು.

8. ಸದರಿ ರಿಲೀಸ್ ಪತ್ರ ಕೇಳಲು ಬಂದ ಪಿಯುಸ್‌ರವರಿಗೆ ತಾವು ಕೊಟ್ಟದ್ದು ಉಲ್ಲೇಖ ಎರಡು. ಅದರ ಪರಿಣಾಮವನ್ನು ತಾವು ಯೋಚಿಸಿರಲಿಕ್ಕಿಲ್ಲ, ಆದಕಾರಣ ಬರೆಯುವುದು ಅನಿವಾರ್ಯವಾಗಿದೆ. ಈ ತಿಂಗಳ ಕೊನೆಗೆ ಪಿಯುಸ್‌ರವರ ವೀಸಾ ರದ್ದಾಗುತ್ತದೆ. ಅವರೊಂದಿಗೆ ಅರ್ಜಿದಾರಳೂ ಮಗಳು ಇಸಾಬೆಲ್ಲಾಳೂ ಬೊಂಬಾಯಿಯ ವಿಮಾನ ಹತ್ತಬೇಕು. ಇಸಾಬೆಲ್ಲಾ ಸೀಬ್‌ನ ಇಂಡಿಯನ್ ಶಾಲೆಯಲ್ಲಿ ಹತ್ತನೆಯ ತರಗತಿ. ಪರೀಕ್ಷೆ ಮಾರ್ಚಿನಲ್ಲಿ. ಜನವರಿಯಲ್ಲಿ ಎಬ್ಬಿಸಿಕೊಂಡು ಹೋದರೆ ಆ ಹುಡುಗಿ ಯಾವ ಊರಿನ ಯಾವ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯಬೇಕು? ರಿಲೀಸ್ ಪತ್ರ ಒಂದಿದ್ದರೆ ವೀಸಾ ಬ್ಯಾರಿಗಳ ಹೆಸರಿಗೆ ಬದಲಾಗುತ್ತದೆ, ಎಲ್ಲರೂ ಇದ್ದಲ್ಲೇ ಇರುತ್ತಾರೆ.

ಇಸಾಬೆಲ್ಲಾ ತನ್ನ ಬಯಾಲಜಿ ಪುಸ್ತಕ ತಂದು, ‘ಮಮ್ಮಿ, ಇಟ್ಸ್ ಜೆನೆಟಿಕ್! ಡ್ಯಾಡಿ ಗಾಟ್ ಇಟ್ ಫ್ರಮ್ ಗ್ರ್ಯಾನಿ’ ಎಂದು ಚಿತ್ರ ಬರೆದು ತೋರಿಸಿದಳು. ಈ ದೋಷ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದಂತೆ. ಅತ್ತೆಯವರ ಬಗ್ಗೆ ಅರ್ಜಿದಾರಳಿಗಿದ್ದ ಹಲವು ಅನುಮಾನಗಳಲ್ಲಿ ಒಂದಕ್ಕಾದರೂ ಹೀಗೆ ವಿಜ್ಞಾನದ ಬೆಂಬಲ ದೊರೆತದ್ದು ಈ ಪ್ರಕರಣದ ಏಕೈಕ ಸಂತೋಷ.

9. ಇದರ ನಡುವೆ ಟೊರೊಂಟೊದಲ್ಲಿ ಆಸ್ಪತ್ರೆ ಕೆಲಸದಲ್ಲಿರುವ ಅರ್ಜಿದಾರಳ ಅಕ್ಕ ಎಲಿಜಬೆತ್ ಹೊಸವರ್ಷಕ್ಕೆ ಫೋನು ಮಾಡಿದರು. ಕೆನಡಾದ ಕರಾರು ಎಂದು ಕೇಳಿದ್ದೇ ತಡ, ಅವರು ಹೌಹಾರಿದರು.

‘ಇಲ್ಲಿ ಹಾಗೆಲ್ಲ ಮಾಡ್ಲಿಕ್ಕಿಲ್ಲ ಮಾರಾಯ್ತಿ! ಒಬ್ಬನಿಗೆ ಎಂತದೋ ಊನ ಉಂಟು ಅಂತ ಸೀದಾ ತೆಗೆದುಹಾಕುವ ಹಾಗಿಲ್ಲ. ಅವನಿಗೆ ಹೊಂದುವ ಹಾಗೆ ಕೆಲಸ ಬದಲಿಸಿ ನೋಡ್ಬೇಕು, ಯಜಮಾನನಿಗೆ ತೀರಾ ತಡೆಯದಷ್ಟು ಕಷ್ಟ ಆಗುವ ತನಕ. ಮತ್ತೆ ಆ ಎರಡು ವರ್ಷದ ಕಲಮು ಉಂಟಲ್ಲ, ಕೋರ್ಟಿಗೆ ಹೋದ್ರೆ ಜಡ್ಜು ಮೊದಲು ಕೇಳುದೇ, ಇಷ್ಟು ದಿನ ಯಾಕೆ, ಇಷ್ಟು ದೂರ ಯಾಕೆ, ಒಬ್ಬನ ಹೊಟ್ಟೆಗೆ ಹೊಡೆದು ನಿಮಗೆ ಕಾಪಾಡ್ಲಿಕ್ಕೆ ಉಂಟಾದ್ರೂ ಎಂತ ಅಂತ.’

ಒಮಾನಿನಲ್ಲಿ ಕೆನಡಾದ ಕಾನೂನು ನಡೆಯುವುದಿಲ್ಲ ಎಂಬುದು ಅರ್ಜಿದಾರಳಿಗೂ ಗೊತ್ತು. ಆಕೆಗೆ ಅರ್ಥವಾಗದ್ದು ಒಂದೇ. ಡಂಕನ್ ಸಾಹೇಬರು ಊರಿನಿಂದ ಬರುವಾಗ ಆ ಎರಡು ವರ್ಷದ ಬೇಲಿಯನ್ನು ಮಡಚಿ ಪೆಟ್ಟಿಗೆಯಲ್ಲಿ ತಂದರು, ಹಿಮವನ್ನೂ ತಂದರು, ಆದರೆ ಬೇಲಿಗೆ ಇದ್ದ ಗೇಟನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದದ್ದು ಏಕೆ? ಸಾಹೇಬರಿಗೆ ತಾವು ಇದನ್ನು ಕೇಳಿ ತಿಳಿಸಬೇಕು.

10. ಕಳೆದ ಶುಕ್ರವಾರ ಪೂಜೆ ಮುಗಿದ ಮೇಲೆ ಅರ್ಜಿದಾರಳು ತಮ್ಮನ್ನು ಹುಡುಕಿಕೊಂಡು ಬಂದಳು. ತಮ್ಮ ಬಲಬದಿಯಲ್ಲಿ ನಿಂತು, ‘ವಿಕ್ಟರ್ ಬಾಬ್, ಒಂದು ಮಾತು ಇತ್ತು’ ಎಂದು ಮೂರು ಸಲ ಹೇಳಿದಳು. ತಾವು ತಿರುಗಲಿಲ್ಲ. ತಮ್ಮ ಹೆಂಡತಿ ತೋಳು ಹಿಡಿದು ತಿರುಗಿಸಿದ ಮೇಲೆ, ‘ಒಲಿಂಡಾ ಬಾಯೆ, ನನ್ನ ಕೈಯಲ್ಲಿ ಎಂತ ಉಂಟು ಹೇಳು? ರೂಲ್ ಈಸ್ ರೂಲ್. ಪಿಯುಸ್‌ನ ಮೇಲೆ ನನಗೆ ಸಿಟ್ಟು ಇಲ್ಲ’ ಎಂದು ಕಾರಿನ ಕಡೆ ನಡೆದಿರಿ. ಪಿಯುಸ್‌ರವರ ಮೇಲೆ ಸಿಟ್ಟಾಗಲು ತಮಗೆ ಕಾರಣವಾದರೂ ಏನಿತ್ತು ಎಂದು ಕೇಳಬೇಕೆಂದಿದ್ದೆ, ಕ್ಷಮಿಸಬೇಕು, ಎಂದಿದ್ದಳು ಅರ್ಜಿದಾರಳು. ಅಷ್ಟರಲ್ಲಿ ಕಾರು ಹೊರಟಿತ್ತು.

11. ಮನೆಗೆ ಬಂದು ಆಕೆ ವಿಕ್ಟರ್ ಕ್ವಾಡ್ರಸ್‌ಗೆ ಸೊಕ್ಕು ಎಂದಾಗ ಪಿಯುಸ್‌ರವರು, ‘ಸೊಕ್ಕು ಅಲ್ಲ, ಅವನಿಗೆ ಬಲಗಿವಿ ಕೇಳುದಿಲ್ಲ. ಎಡಗಡೆಯಿಂದ ಮಾತಾಡ್ಬೇಕಿತ್ತು’ ಎಂದರು. ಮೀಟಿಂಗುಗಳಲ್ಲಿ ಇಷ್ಟು ವರ್ಷ ತಮ್ಮ ಎಡಕ್ಕೆ ಕೂತು, ಸಾಹೇಬರು ಹೇಳಿದ್ದನ್ನು ಮೆಲ್ಲಗೆ ಮತ್ತೊಮ್ಮೆ ಹೇಳುತ್ತಿದ್ದವರು ಅವರೇ ಎಂಬುದೂ ಆಗ ಹೊರಬಂತು. ಮುಂದಿನದನ್ನು ಬರೆಯಬಾರದೆಂದು ಅವರು ಆಣೆ ಹಾಕಿಸಿದ್ದಾರೆ. ಅರ್ಜಿದಾರಳು ಬರೆಯುತ್ತಿದ್ದಾಳೆ.

ಈ ಅರ್ಜಿಯ ಕಲಮು ಐದರಲ್ಲಿ ‘ಕಿವಿ ಆಯಿತು’ ಎಂದಷ್ಟೇ ಹೇಳಿತ್ತು. ಕಿವಿ ಹೇಗೆ ಆಯಿತೆಂದರೆ, ತಾವು ಸ್ಟೂಲಿನ ಮೇಲೆ ಕೂತಿದ್ದಿರಿ. ನರ್ಸಮ್ಮ ತಮ್ಮ ಹಿಂದೆ ನಿಂತು, ಎಡಗಿವಿಯನ್ನು ಮುಚ್ಚಿಸಿ, ಬಲಗಿವಿಯ ಹತ್ತಿರ ಪಿಸುಮಾತಿನಲ್ಲಿ ಒಂದೊಂದು ಅಂಕಿ ಹೇಳುತ್ತಿದ್ದರು. ತಾವು ಅದನ್ನು ಗಟ್ಟಿಯಾಗಿ ಹೇಳಬೇಕು. ಎದುರಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಪಿಯುಸ್‌ರವರಿಗೆ ಆ ಪಿಸುಮಾತು ಕೇಳುತ್ತಿತ್ತು; ಅವರು ತಮ್ಮ ಮುಖದ ಗಾಬರಿ ನೋಡಿ, ತೊಡೆಯ ಮೇಲೆ ಬೆರಳುಗಳನ್ನು ಬಿಡಿಸಿ ತೋರಿಸಿದರು. ಮೂರು ಎಂದಾಗ ಮೂರು. ಐದು ಎಂದಾಗ ಐದು. ತಾವು ಎಲ್ಲವನ್ನೂ ಸರಿಯಾಗಿ ಹೇಳಿ ಪಾಸಾಗಿ, ಶರ್ಟಿನ ಕಾಲರ್ ಸರಿಮಾಡಿಕೊಂಡಿರಿ.

ಅನಂತರ ಪಿಯುಸ್‌ರವರ ಸರದಿ. ಚುಕ್ಕೆಯ ಪುಸ್ತಕ ತೆರೆದಾಗ ತಾವು ನರ್ಸಮ್ಮನ ಬೆನ್ನಿಗೇ ನಿಂತಿದ್ದಿರಿ. ಪುಟ ತಮಗೆ ಕಾಣುತ್ತಿತ್ತು. ಕೈಬೆರಳು ತಮಗೂ ಹತ್ತು ಇವೆ. ಪಿಯುಸ್‌ರವರು ತಮ್ಮ ಮುಖ ನೋಡಿದರು. ತಾವು ಗೋಡೆಯ ಕ್ಯಾಲೆಂಡರ್ ನೋಡಿದಿರಿ.

‘ಅವನಿಗೆ ಹೊಳೆಯಲಿಲ್ಲ, ಪಾಪ’ ಎಂದೇ ಅವರು ಇವತ್ತಿಗೂ ಹೇಳುತ್ತಾರೆ. ಅರ್ಜಿದಾರಳು ಹಾಗೆ ಹೇಳುವುದಿಲ್ಲ.

ಇದು ಬೆದರಿಕೆಯಲ್ಲ. ಬೆದರಿಸುವುದಿದ್ದರೆ ಇಂಗ್ಲಿಷಿನಲ್ಲಿ ಬರೆಯಬಹುದಿತ್ತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸದರಿ ಪಿಯುಸ್‌ರವರಿಗೆ ಬಣ್ಣ ಕಾಣುವುದಿಲ್ಲ ಎಂದಾದರೆ ಅವರಲ್ಲಿ ಬಣ್ಣದ ಗುಟ್ಟು ಯಾವುದೂ ಇಲ್ಲವೆಂದು ತೀರ್ಮಾನಿಸಿ ಕೂಡಲೇ ರಿಲೀಸ್ ಪತ್ರ ನೀಡಬೇಕಾಗಿಯೂ, ಗುಟ್ಟೆಲ್ಲ ಅವರಲ್ಲೇ ಇದೆ ಎಂದಾದರೆ ಅಂಥ ತಜ್ಞರನ್ನು ಕಳೆದುಕೊಂಡದ್ದಕ್ಕೆ ವಿಷಾದಿಸಿ ಸಂಬಳ ಹೆಚ್ಚಿಸಿ ವಾಪಸು ಕರೆಸಿಕೊಳ್ಳಬೇಕಾಗಿಯೂ ಈ ಮೂಲಕ ಕೋರಲಾಗಿದೆ. ಎರಡರಲ್ಲಿ ಯಾವುದು ಎಂಬುದನ್ನು ತಮಗೇ ಬಿಡಲಾಗಿದೆ.

ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಪೂರ್ತಿ ಬಿಟ್ಟುಕೊಡದ,
ಒಲಿಂಡಾ ಮಿನೇಜಸ್

ಲಗತ್ತುಗಳು:
1. ತಮ್ಮ ಎರಡು ಪತ್ರಗಳು, ಒಂದೇ ಪಿನ್ನಿನಲ್ಲಿ. (ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದರೆ ಅದು ಪಿನ್ನಿನ ತಪ್ಪಲ್ಲ.)
2. ಕುಂಞಮ್ಮದ್ ಬ್ಯಾರಿಗಳು ಕೆಲಸ ಕೊಡುವುದಾಗಿ ಬರೆದುಕೊಟ್ಟ ಚೀಟಿ.
3. ಇಸಾಬೆಲ್ಲಾ ಬರೆದ ವಂಶವಾಹಿ ಚಿತ್ರ. ಊರಿಗೆ ಹೋದಾಗ ಅತ್ತೆಯವರಿಗೆ ತೋರಿಸಬಾರದು.

ವಿಶೇಷ ಸೂಚನೆ: ಮೇಲಿನ ಎರಡೂ ಆಗದು ಎಂದಾದರೆ, ಕಂಪನಿಯ ಎಲ್ಲ ನೌಕರರಿಗೆ ವೈದ್ಯಕೀಯ ಪರೀಕ್ಷೆಯನ್ನು ಹೊಸದಾಗಿ ನಡೆಸಬೇಕಾಗಿಯೂ, ತಮ್ಮ ಕಿವಿಯ ಸರದಿ ಬಂದಾಗ ಎದುರಿನ ಬೆಂಚಿನಲ್ಲಿ ಪಿಯುಸ್‌ರವರನ್ನೇ ಕೂರಿಸಬೇಕಾಗಿಯೂ ವಿನಂತಿ. ಅರ್ಜಿದಾರಳು ಎಷ್ಟು ಬೇಡವೆಂದರೂ ಅವರು ಈ ಸಲವೂ ಬೆರಳು ತೋರಿಸುತ್ತಾರೆ.